ಕಿಲೋ ದಾಟಿದ ರೊಟ್ಟಿ

ನಮ್ಮ ಅಂಚೆ ಕಚೇರಿ ನನ್ನ ಹೆಂಡತಿಯ ರೊಟ್ಟಿ ಪಾರ್ಸಲ್ಲಿಗೆ ಇಲ್ಲದ ತೂಕ ತೋರಿಸಿ ಹೆಚ್ಚಿಗೆ ರೊಕ್ಕ ವಸೂಲಿ ಮಾಡಿತು. ಒಂದು ಸಲವಲ್ಲ, ಪ್ರತಿ ಸಲ. ಇದನ್ನು ನಾನು ಸುತ್ತಿ ಬಳಸಿ ಹೇಳುವುದಿಲ್ಲ. ಆ ಕಚೇರಿ ಯಾವ ಊರಿನದು ಎಂಬುದನ್ನು ಮಾತ್ರ ಹೇಳುವುದಿಲ್ಲ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಈ ನಾಲ್ಕೂ ತಾಲೂಕಿನವರು ಓದಿ, ಇದು ನಮ್ಮೂರಿನದೇ ಇರಬೇಕು ಎಂದು ಅನುಮಾನ ಪಡಲಿ. ಅನುಮಾನ ಒಳ್ಳೆಯ ಅಭ್ಯಾಸ. ಗಟಾರದ ಕೆಲಸ ಕೇಳಲು ಹೋದರೂ, ನಳದ ನೀರು ಕೇಳಲು ಹೋದರೂ ನನಗೆ ಇಂಥದ್ದೇ ಏನಾದರೊಂದು ಗಂಟುಬೀಳುತ್ತದೆ. ಈ ಸಲ ರೊಟ್ಟಿ ಗಂಟುಬಿದ್ದಿತು.

ನನ್ನ ಹೆಂಡತಿ ಮತ್ತು ಓಣಿಯ ಮೂವರು ಹೆಣ್ಣುಮಕ್ಕಳು ಕೂಡಿ ಖಡಕ್ ರೊಟ್ಟಿ ಬಡಿಯುತ್ತಾರೆ. ಜೊತೆಗೆ ಶೇಂಗಾ ಚಟ್ನಿ ಇಟ್ಟು, ಅಗಲವಾದ ರಟ್ಟಿನ ಪೆಟ್ಟಿಗೆಯಲ್ಲಿ ಕಟ್ಟಿ ಪುಣೆ, ಮುಂಬೈಯಲ್ಲಿರುವ ನಮ್ಮ ಕಡೆಯ ಮಂದಿಗೆ ಕಳಿಸುತ್ತಾರೆ. ಪೆಟ್ಟಿಗೆ ಒಂದು ಕಿಲೋದ ಒಳಗೇ ಇರುವಂತೆ ಮನೆಯಲ್ಲಿ ತೂಗಿ ಕಟ್ಟುತ್ತಾರೆ. ಕಿಲೋ ದಾಟಿದರೆ ಅಂಚೆಯವರು ಮುಂದಿನ ದರ ಹಾಕುತ್ತಾರೆ. ಹಾಗೆ ದರ ಏರಿದರೆ ಈ ನಾಲ್ವರ ಕೈಗೆ ಏನೂ ಉಳಿಯುವುದಿಲ್ಲ. ಮನೆಯಲ್ಲಿ ಕಿಲೋದ ಒಳಗಿದ್ದ ಪೆಟ್ಟಿಗೆ ಕೌಂಟರಿಗೆ ಹೋದ ಕೂಡಲೇ ಕಿಲೋ ದಾಟುತ್ತಿತ್ತು.

ಹೆಂಡತಿ ಹೇಳಿಬಿಟ್ಟಳು: "ಪಂಚಮಿ ತನಕ ನೋಡ್ತೇವಿ. ಆಮ್ಯಾಲ ಒಲಿ ಆರಿಸಿ ಕುಂದರ್ತೇವಿ. ನಿಮ್ಮ ಹೋರಾಟ ನೀವು ಮಾಡಕೋತ ಇರ್ರಿ."

ಹೆಬ್ಬೆಟ್ಟು

ನನ್ನ ಮೊದಲ ಅನುಮಾನ ಕೌಂಟರಿನ ಸಾಹೇಬರ ಹೆಬ್ಬೆಟ್ಟಿನ ಮೇಲೆ. ಸಂತೆಯಲ್ಲಿ ಕಾಯಿಪಲ್ಲೆ ಕೊಂಡವರಿಗೆ ಈ ಅನುಮಾನ ಯಾಕೆ ಬಂತು ಎಂದು ಹೇಳಬೇಕಾಗಿಲ್ಲ. ಪೆಟ್ಟಿಗೆಯನ್ನು ತೂಕದ ಕಾಟಾದ ಮೇಲೆ ಇಟ್ಟ ಕೂಡಲೇ ನಾನು ಕಿಂಡಿಯೊಳಗೆ ತಲೆ ತೂರಿಸಿದೆ.

"ಏನ್ ಹುಡಕಾಕತ್ತೀರಿ?" ಎಂದರು ಸಾಹೇಬರು.

"ನಿಮ್ಮ ಹೆಬ್ಬೆಟ್ಟು. ಕಾಟಾದ ಮ್ಯಾಲ ಏನಾರ ಕುಂತೈತೇನಂತ."

ಅವರಿಗೆ ಸಿಟ್ಟು ಬಂತು. ಎರಡೂ ಕೈ ಮೇಲೆತ್ತಿದರು. "ನೋಡ್ರಿ, ಕಣ್ಣು ತುಂಬ ನೋಡ್ರಿ. ಈಗ ತೂಕ ಎಷ್ಟೈತಿ ಹೇಳ್ರಿ."

ಕಿಲೋ ದಾಟಿತ್ತು.

"ಕಾಲು ಎಲ್ಲಿ ಅದಾವು?" ಎಂದೆ.

ಅಷ್ಟರಲ್ಲಿ ನನ್ನ ಹಿಂದಿನಿಂದ ಒಂದು ಧ್ವನಿ ಬಂತು. ಪಿಂಚಣಿಗೆ ಬಂದ ಅಜ್ಜಿ. ಆಕೆಯ ಹೆಬ್ಬೆಟ್ಟನ್ನು ಮಷಿನ್ನು ಯಾವತ್ತೂ ಒಪ್ಪಿಕೊಂಡಿಲ್ಲ. ರೊಟ್ಟಿ ಬಡಿದು, ಕಳೆ ಕಿತ್ತು ಅದರ ಗೆರೆಯೆಲ್ಲ ಅಳಿಸಿಹೋಗಿದೆ. ಆಕೆಯೂ ಎರಡೂ ಕೈ ಎತ್ತಿ ನಿಂತಿದ್ದಳು. "ಏ ತಮ್ಮಾ, ಇನ್ನ ಮ್ಯಾಲ ಹೆಬ್ಬೆಟ್ಟು ಬ್ಯಾಡೇನು? ಹಿಂಗ ಕೈ ಎತ್ತಿದ್ರ ರೊಕ್ಕ ಕೊಡ್ತೀರೇನು? ಚೊಲೋ ಆತು ಬಿಡು."

ಅದನ್ನು ಕೇಳಿ ಪಾಳಿಯಲ್ಲಿದ್ದ ಪಿಂಚಣಿಯವರೆಲ್ಲ ಕೈ ಎತ್ತಿದರು. ರಸ್ತೆಯಲ್ಲಿ ಹೋಗುತ್ತಿದ್ದ ಯಾರೋ ಕಿಟಕಿಯಿಂದ ಇದನ್ನು ಕಂಡು, ಒಳಗೆ ದರೋಡೆ ನಡೆದಿದೆ ಎಂದು ಫೋನ್ ಮಾಡಿದ. ಪೊಲೀಸ್ ಬಂದು, "ಯಾರು ಲೂಟಿ ಮಾಡಾಕತ್ತಾರ?" ಎಂದು ಕೇಳಿದಾಗ ನಾನು ಕೌಂಟರಿನ ಕಡೆ ಬೆರಳು ತೋರಿಸಿದೆ.

ಕಿತ್ತೂರಿನ ಸಾಲು ಅಂಗಡಿ

"ನಿಮ್ಮ ಮನೀ ಕಾಟಾಕ್ಕ ಸರಕಾರದ ಮುದ್ರಿ ಐತೇನ್ರಿ?" ಎಂದು ಸಾಹೇಬರು ಕೇಳಿದ್ದರು. ಇರಲಿಲ್ಲ. ಮುದ್ರೆ ಇರುವ ಕಾಟಾದಲ್ಲಿ ತೂಗಿಸಿ, ತೂಗಿದವರಿಂದ ಬರೆಸಿಕೊಂಡು ಬರುತ್ತೇನೆ ಎಂದು ಹೊರಟೆ. ಪರಿಚಯದವರು ಬೇಡ, ಆಮೇಲೆ ಸಾಕ್ಷಿ ಸುಳ್ಳು ಅನ್ನುತ್ತಾರೆ. ಅದಕ್ಕೇ ಕಿತ್ತೂರಿಗೆ ಹೋದೆ.

ಹೆದ್ದಾರಿಯಲ್ಲಿ ಬಸ್ಸಿಳಿದು ಒಂದು ಕಿರಾಣಿ ಅಂಗಡಿಯ ಮುಂದೆ ನಿಂತೆ. ಕೈಯಲ್ಲಿ ಪೆಟ್ಟಿಗೆ, ಕಿಸೆಯಲ್ಲಿ ಪೆನ್ನು.

"ನಿಮ್ಮ ಕಾಟಾಕ್ಕ ಮುದ್ರಿ ಐತೇನ್ರಿ?"

ಅಂಗಡಿಯವರ ಮುಖ ಇಳಿಯಿತು. "ಐತ್ರಿ ಸಾಹೇಬ್ರ. ಕುಂತ್ಕೋರಿ. ಚಾ ತರಸ್ತೇನಿ."

"ಚಾ ಬ್ಯಾಡ. ಇದನ್ನ ತೂಗ್ರಿ. ತೂಗಿದ್ದನ್ನ ಬರದು ಸಹಿ ಮಾಡ್ರಿ."

"ಸಹಿ ಯಾಕ್ರಿ ಸಾಹೇಬ್ರ? ನಾವೂ ಮಕ್ಕಳು ಮರಿ ಇದ್ದವರು. ಈ ಸಲ ಬಿಟ್ಟಬಿಡ್ರಿ."

ನನ್ನನ್ನು ತೂಕ ಮತ್ತು ಅಳತೆ ಇಲಾಖೆಯವನು ಎಂದು ತಿಳಿದಿದ್ದಾರೆ ಎಂಬುದು ಆಗ ಹೊಳೆಯಿತು. ಅಲ್ಲ ಎಂದು ಹೇಳಿದೆ. ಹೇಳಿದಷ್ಟೂ ಅವರಿಗೆ ಖಾತ್ರಿಯಾಯಿತು. ಕೆಲಸದವನನ್ನು ಕರೆದು ಕಿವಿಯಲ್ಲಿ ಏನೋ ಹೇಳಿದರು. ಅವನು ಹೋದ ದಾರಿಯಲ್ಲಿ ಒಂದೊಂದೇ ಅಂಗಡಿಯ ಕಾಟಾ ಒಳಗೆ ಸರಿಯಿತು. ಬಾಳೆಹಣ್ಣಿನವಳು ಕೂಡ ತಕ್ಕಡಿಯನ್ನು ಗೋಣಿಚೀಲದ ಕೆಳಗೆ ಇಟ್ಟು ಅದರ ಮೇಲೆ ಕುಳಿತಳು.

ಸಹಿ ಸಿಗಲಿಲ್ಲ. ಆದರೆ ನಾನು ಬಸ್ಸಿಗೆ ಕಾಯುತ್ತ ನಿಂತಷ್ಟು ಹೊತ್ತೂ ಆ ಸಾಲಿನಲ್ಲಿ ಗಿರಾಕಿಗಳಿಗೆ ತೂಗಿ ಕೊಡಲಿಲ್ಲ, ಮುಷ್ಟಿ ತುಂಬಿ ಕೊಟ್ಟರು. ನನ್ನ ಹೋರಾಟದಿಂದ ಜನಕ್ಕೆ ಲಾಭವಾದ ಗಳಿಗೆ ಅದೊಂದೇ.

ಪತ್ತಾರರ ಪರೀಕ್ಷೆ

ಬಂಗಾರ ತೂಗುವವರಿಗಿಂತ ಖರೇ ತೂಕ ಮಾಡುವವರು ಯಾರಿದ್ದಾರೆ? ಸವದತ್ತಿಯ ಒಬ್ಬ ಪತ್ತಾರರ ಹತ್ತಿರ ಹೋದೆ. ಅವರ ಕಾಟಾ ಗಾಜಿನ ಗೂಡಿನಲ್ಲಿತ್ತು. ಅದರ ತಟ್ಟೆ ಅಂಗೈಯಷ್ಟು. ರೊಟ್ಟಿ ಮೊರದಷ್ಟು.

"ಮುರದು ತೂಗಬೇಕಾಕ್ಕೈತ್ರಿ" ಎಂದರು.

"ಮುರೀರಿ. ನ್ಯಾಯಕ್ಕಾಗಿ ಮುರದ್ರ ಅಡ್ಡಿಯಿಲ್ಲ."

ಚಿಮಟಿಗೆಯಿಂದ ಒಂದೊಂದೇ ತುಂಡು ಎತ್ತಿ ತೂಗಿದರು. ಪ್ರತಿ ರೊಟ್ಟಿಯಿಂದ ಒಂದು ಚೂರು ಬಾಯಿಗೆ ಹಾಕಿಕೊಂಡರು.

"ಇದ್ಯಾಕ್ರಿ?"

"ಮಾಲು ಪರೀಕ್ಷಾ ಮಾಡದ ನಾವು ತೂಕ ಬರಿಯೂದಿಲ್ರಿ."

ಚಟ್ನಿಯನ್ನೂ ಪರೀಕ್ಷೆ ಮಾಡಿದರು. ಎರಡು ಸಲ. ಕೊನೆಗೆ ಚೀಟಿಯಲ್ಲಿ ತೂಕ ಬರೆದು, ಅದರಲ್ಲಿ ಒಂದಿಷ್ಟು ಕಳೆದು ಕೊಟ್ಟರು.

"ಕಳದದ್ದು ಏನು?"

"ಸವಕಳಿ."

"ರೊಟ್ಟಿಗೆ ಎಲ್ಲೀ ಸವಕಳಿರಿ?"

"ನಮ್ಮ ಕಾಟಾದ ಮ್ಯಾಲ ಏನ ಬಂದ್ರೂ ಸವಕಳಿ ತಗೀತೇವ್ರಿ. ಪದ್ಧತಿ ಅದು."

ಆ ಸವಕಳಿ ಎಲ್ಲಿಗೆ ಹೋಯಿತು ಎಂದು ನಾನು ಕೇಳಲಿಲ್ಲ. ಅವರ ಮೀಸೆಗೆ ಇನ್ನೂ ಶೇಂಗಾ ಚಟ್ನಿ ಹತ್ತಿತ್ತು.

ರಾಮದುರ್ಗದ ಬಿಲ್ಲು

ಹೆಂಡತಿ ಮತ್ತೊಂದು ಪೆಟ್ಟಿಗೆ ಕಟ್ಟಿಕೊಟ್ಟಳು. "ಇದನ್ನಾರ ಯಾರಿಗೂ ತಿನ್ನಸಬ್ಯಾಡ್ರಿ" ಎಂದಳು. ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ರಾಮದುರ್ಗಕ್ಕೆ ಹೋದೆ. ನೇಕಾರರಿಗೆ ನೂಲು ಮಾರುವ ಒಬ್ಬ ವ್ಯಾಪಾರಿ ನನ್ನ ಮಾತು ಪೂರ್ತಿ ಕೇಳಿದರು. ಹೆದರಲಿಲ್ಲ, ತಿನ್ನಲಿಲ್ಲ. ಮುದ್ರೆ ಇರುವ ಕಾಟಾದಲ್ಲಿ ತೂಗಿದರು. ಕಿಲೋದ ಒಳಗೇ ಇತ್ತು. ಕಂಪ್ಯೂಟರಿನಲ್ಲಿ ಬಿಲ್ಲು ತೆಗೆದು, ಠಸ್ಸೆ ಒತ್ತಿ, ಸಹಿ ಮಾಡಿ ಕೊಟ್ಟರು. ಇಂಥ ಮನುಷ್ಯರೂ ಇದ್ದಾರಲ್ಲ ಎಂದು ಖುಷಿಯಾಗಿ ನೇರವಾಗಿ ನಮ್ಮ ಅಂಚೆ ಕಚೇರಿಗೆ ಬಂದು ಆ ಬಿಲ್ಲನ್ನು ಕೌಂಟರಿನ ಮೇಲೆ ಬಡಿದಿಟ್ಟೆ.

ಸಾಹೇಬರು ಕನ್ನಡಕ ಏರಿಸಿ ಓದಿದರು. "ಇದರಾಗ 'ನೂಲು' ಅಂತ ಐತಲ್ರಿ."

ಆ ವ್ಯಾಪಾರಿಯ ಕಂಪ್ಯೂಟರಿಗೆ ನೂಲು ಬಿಟ್ಟು ಬೇರೆ ಏನೂ ಬರೆಯಲು ಬರುವುದಿಲ್ಲ. ಪಾಪ, ಅವರೇನು ಮಾಡಿಯಾರು.

"ಇಷ್ಟು ದಿವಸ ನನ್ನ ಮ್ಯಾಲ ಅನುಮಾನ ಮಾಡಿದ್ರಿ" ಎಂದರು ಸಾಹೇಬರು. "ಈಗ ನಂಗ ಅನುಮಾನ ಬಂದೈತಿ. ಖರೇ ಹೇಳ್ರಿ, ರೊಟ್ಟಿ ಅಂತ ಹೇಳಿ ನೀವು ಕಳಸಾಕತ್ತಿದ್ದು ಏನು?"

ಪಾಳಿಯಲ್ಲಿದ್ದವರೆಲ್ಲ ನನ್ನನ್ನು ನೋಡಿದರು. ಜೀವನದಲ್ಲಿ ಮೊದಲ ಸಲ ನಾನೇ ತಪಾಸಣೆಗೆ ಒಳಗಾದೆ. ಕಟ್ಟು ಬಿಚ್ಚಿ ರೊಟ್ಟಿ ತೋರಿಸಿದೆ. ಅಷ್ಟಕ್ಕೂ ಅವರು ನಂಬದಿದ್ದಾಗ ಎಲ್ಲರ ಮುಂದೆ ಒಂದು ತುಂಡು ಮುರಿದು ತಿಂದೆ. "ಚಟ್ನಿ ಹಚ್ಚಿಕೊಂಡು ತಿನ್ರಿ, ಗಂಟಲಿಗೆ ಸಿಗತೈತಿ" ಎಂದಳು ಪಿಂಚಣಿ ಅಜ್ಜಿ.

ಕರೆಂಟು ಹೋದಾಗ

ತಿಂದು, ಮತ್ತೆ ಕಟ್ಟಿ, ಪೆಟ್ಟಿಗೆಯನ್ನು ಕಾಟಾದ ಮೇಲೆ ಇಟ್ಟೆ. ಒಂದು ತುಂಡು ಹೊಟ್ಟೆಗೆ ಹೋಗಿದೆ. ಆದರೂ ಕಿಲೋ ದಾಟಿದೆ! ಇದರಲ್ಲಿ ದೊಡ್ಡವರ ಕೈವಾಡವಿದೆ ಎಂದು ನಾನು ಭಾಷಣ ಶುರು ಮಾಡುವಷ್ಟರಲ್ಲಿ ಕರೆಂಟು ಹೋಯಿತು.

ಕಾಟಾಕ್ಕೆ ಬ್ಯಾಟರಿ ಇತ್ತು. ಅದರ ಅಂಕಿ ಉರಿಯುತ್ತಲೇ ಇತ್ತು. ನಾನು ನೋಡನೋಡುತ್ತಿದ್ದಂತೆ ಆ ಅಂಕಿ ಇಳಿಯತೊಡಗಿತು. ಯಾರೂ ಮುಟ್ಟಿಲ್ಲ. ಇಳಿದಿಳಿದು ಕಿಲೋದ ಒಳಗೆ ಬಂದು ನಿಂತಿತು. ನಾನು ಸಾಹೇಬರ ಕೈ ನೋಡಿದೆ, ಕಾಲು ನೋಡಿದೆ, ಕಡೆಗೆ ಮೇಲೆ ನೋಡಿದೆ. ಕಾಟಾದ ನೆತ್ತಿಯ ಮೇಲೆ ದೊಡ್ಡ ಫ್ಯಾನು. ಕರೆಂಟಿಲ್ಲದೆ ಕೊನೆಯ ಸುತ್ತು ತಿರುಗಿ ನಿಲ್ಲುತ್ತಿತ್ತು.

"ಸಾಹೇಬ್ರ! ನಿಮ್ಮ ಫ್ಯಾನು ನಮ್ಮ ಪೆಟಿಗಿ ಮ್ಯಾಲ ಕುಂತೈತಿ!"

ಬೇರೆಯವರ ಪಾರ್ಸಲ್ಲು ಸಣ್ಣದು, ಗಟ್ಟಿ. ನಮ್ಮದು ರೊಟ್ಟಿಯಷ್ಟು ಅಗಲ, ಹಗುರ. ಮೇಲಿನ ಗಾಳಿಯೆಲ್ಲ ಅದನ್ನೇ ಒತ್ತುತ್ತಿತ್ತು. ಇಷ್ಟು ದಿನ ನಾವು ಗಾಳಿಯನ್ನು ಪುಣೆಗೆ ಕಳಿಸಿದ್ದೇವೆ, ಅದಕ್ಕೆ ರೊಕ್ಕವನ್ನೂ ಕೊಟ್ಟಿದ್ದೇವೆ.

ಸಾಹೇಬರು ಮೇಲೆ ನೋಡಿದರು, ಕೆಳಗೆ ನೋಡಿದರು. "ಹೌದಲ್ರಿ ಮತ್ತ!" ಎಂದರು.

"ಹಂಗಾದ್ರ ಈ ತೂಕಾನ ಹಿಡೀರಿ."

"ಕರೆಂಟಿಲ್ಲ. ಕಂಪ್ಯೂಟರ್ ಬಂದ್ ಐತಿ."

ಕರೆಂಟು ಬಂತು. ಅದರ ಜೊತೆ ಫ್ಯಾನೂ ಬಂತು. ಅಂಕಿ ಮತ್ತೆ ಏರಿತು.

"ಫ್ಯಾನ್ ಬಂದ್ ಮಾಡ್ರಿ."

"ಫ್ಯಾನಿಗೂ ಕಂಪ್ಯೂಟರಿಗೂ ಕೂಡಿ ಒಂದ ಸ್ವಿಚ್ರಿ."

"ಕಾಟಾ ಆಚೆ ಸರಸ್ರಿ."

"ಅದರ ವಾಯರ್ ಗೇಣುದ್ದ ಐತಿ. ಸರಿಸಿದ್ರ ಕಂಪ್ಯೂಟರಿಗೆ ತೂಕ ಹೋಗಂಗಿಲ್ಲ."

"ಹಂಗಾದ್ರ ನಾ ಯಾವಾಗ ಬರಲಿ?"

ಸಾಹೇಬರು ಖರೇನೇ ವಿಚಾರ ಮಾಡಿದರು. "ಕರೆಂಟ್ ಇದ್ದೂ ಇಲ್ಲದಂಗ ಇದ್ದಾಗ ಬರ್ರಿ" ಎಂದರು.

ದೂರಿಗೂ ದಂಡ

ಮೇಲಿನ ಕಚೇರಿಗೆ ದೂರು ಬರೆದೆ. ಫ್ಯಾನಿನ ಫೋಟೋ ತೆಗೆಸಿ, ರೊಟ್ಟಿ ಪೆಟ್ಟಿಗೆಯಷ್ಟೇ ಅಗಲದ ರಟ್ಟಿಗೆ ಅಂಟಿಸಿ, ಅಷ್ಟೇ ಅಗಲದ ಲಕೋಟೆಯಲ್ಲಿ ಹಾಕಿದೆ. ಅಧಿಕಾರಿಗೆ ಅಳತೆ ಕಣ್ಣಿಗೆ ಕಾಣಲಿ ಎಂದು. ಮನೆಯಲ್ಲಿ ತೂಗಿ, ಸರಿಯಾದ ಟಿಕೆಟ್ಟು ಹಚ್ಚಿ, ಅಂಚೆಯಣ್ಣನ ಕೈಯಲ್ಲಿ ಕೊಟ್ಟೆ. ಕೌಂಟರಿಗೆ ಹೋಗಲಿಲ್ಲ. ಅಲ್ಲಿ ನನಗೆ ನಂಬಿಕೆ ಉಳಿದಿರಲಿಲ್ಲ.

ಸ್ವಲ್ಪ ದಿನಕ್ಕೆ ಅಂಚೆಯಣ್ಣ ಅದೇ ಲಕೋಟೆ ಹಿಡಿದು ಬಾಗಿಲಿಗೆ ಬಂದ.

"ಕಾಕಾ, ಟಿಕೆಟ್ ಕಡಿಮಿ ಹಚ್ಚೀರಿ. ಅಲ್ಲಿಯವರು ದಂಡ ಕೊಟ್ಟು ಬಿಡಸ್ಕೊಳ್ಳಾಕ ಒಲ್ಲೆ ಅಂದ್ರಂತ. ಕಡಿಮಿ ಬಿದ್ದದ್ದರ ಎರಡು ಪಟ್ಟು ಕೊಟ್ಟು ನೀವ ತಗೋಬೇಕು."

"ಇದನ್ನ ಎಲ್ಲಿ ತೂಗಿದ್ರಿ?"

"ನಮ್ಮ ಆಫೀಸಿನ್ಯಾಗ."

"ಆ ಫ್ಯಾನಿನ ಕೆಳಗ?"

"ಮತ್ತೆಲ್ಲಿ ತೂಗೂದ್ರಿ ಕಾಕಾ? ಇರೂದು ಅದೊಂದ ಕಾಟಾ."

"ಏ, ಇದು ಹೆಚ್ಚಿಗಿ ರೊಕ್ಕ ತಗೊಂಡಾರಂತ ಬರದ ದೂರಪಾ!"

"ಓಹೋ" ಎಂದ ಅವನು. "ಅದಕ್ಕ ನೀವು ಇದರಾಗ ಕಡಿಮಿ ಹಚ್ಚಿ ಸಮಾ ಮಾಡ್ಕೊಂಡೀರೇನ್ರಿ?"

ಒಳಗೆ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ನಾಲ್ವರೂ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು.

ಛತ್ರಿ

ಪಂಚಮಿ ಹತ್ತಿರ ಬಂತು. ಕೊನೆಯ ಪಾರ್ಸಲ್ಲುಗಳು ಸಿದ್ಧವಾದವು. "ಇವತ್ತ ನೀವು ಬರಬ್ಯಾಡ್ರಿ. ನಾವ ಹೋಗ್ತೇವಿ" ಎಂದಳು ಹೆಂಡತಿ. ನನಗೆ ಅನುಮಾನ ಬಂತು. ಸ್ವಲ್ಪ ದೂರ ಬಿಟ್ಟು ಹಿಂದೆಯೇ ಹೋದೆ.

ಜಿಟಿಜಿಟಿ ಮಳೆ. ನಾಲ್ವರೂ ಕಚೇರಿಯೊಳಗೆ ಹೋದರು. ಹೊರಗೆ ಎಲ್ಲರೂ ಛತ್ರಿ ಮುಚ್ಚಿ ಒಳಗೆ ಬರುತ್ತಿದ್ದರೆ, ನಾಲ್ವರಲ್ಲಿ ಹಿರಿಯಳಾದ ದೊಡ್ಡಾಕೆ ಮುಚ್ಚಿದ್ದ ಛತ್ರಿಯನ್ನು ಒಳಗೆ ಹೋಗಿ ತೆರೆದಳು. ಕಿಂಡಿಯೊಳಗೆ ಕೈ ಚಾಚಿ ಕಾಟಾದ ಮೇಲೆ ಹಿಡಿದಳು.

"ಯವ್ವಾ, ಛತ್ರಿ ಮುಚ್ಚ. ಆಫೀಸಿನ್ಯಾಗ ಮಳಿ ಬರಂಗಿಲ್ಲ" ಎಂದರು ಸಾಹೇಬರು.

"ಮಳಿ ಬರಂಗಿಲ್ಲಪಾ. ತೂಕ ಬರತೈತಿ" ಎಂದಳು ಆಕೆ. "ನೀ ತೂಗು. ನಾ ಹಿಡದಿರ್ತೇನಿ. ನನ್ನ ಕೈ ನೋಯೂದಿಲ್ಲ."

ಕಂಪ್ಯೂಟರು ನಡೆಯುತ್ತಿತ್ತು, ಫ್ಯಾನು ತಿರುಗುತ್ತಿತ್ತು, ಗಾಳಿ ಛತ್ರಿಯ ಮೇಲೆ ಬಿದ್ದು ಆಚೆ ಈಚೆ ಹೋಗುತ್ತಿತ್ತು. ಅಂಕಿ ಕಿಲೋದ ಒಳಗೆ ನಿಂತಿತ್ತು. ಒಂದಾದ ಮೇಲೊಂದು ಪೆಟ್ಟಿಗೆ. ಎಲ್ಲವೂ ಒಳಗೇ. ಸಾಹೇಬರು ಒಂದೊಂದಕ್ಕೂ ರಸೀದಿ ತೆಗೆದುಕೊಟ್ಟರು. ಹಿಂದೆ ನಿಂತಿದ್ದವನೊಬ್ಬ, "ಯಕ್ಕಾ, ಒಂದೀಟು ನನಗೂ ಹಿಡೀ" ಎಂದ. ಅವನ ಕೈಯಲ್ಲಿ ಪಾರ್ಸಲ್ಲೇ ಇರಲಿಲ್ಲ, ಪೋಸ್ಟ್ ಕಾರ್ಡಿತ್ತು. ಪಿಂಚಣಿ ಅಜ್ಜಿ ಮಾತ್ರ ಛತ್ರಿಯನ್ನೇ ನೋಡುತ್ತ, ಹೆಬ್ಬೆಟ್ಟಿನ ಮಷಿನ್ನಿಗೂ ಸ್ವಲ್ಪ ನೆರಳು ಮಾಡಿ ನೋಡೋಣ ಎಂದಳು.

ನಮ್ಮ ಮನೆಯಲ್ಲಿ ಒಲೆ ಇನ್ನೂ ಆರಿಲ್ಲ. ಕಿತ್ತುಕೊಂಡ ರೊಕ್ಕ ಇನ್ನೂ ವಾಪಸು ಬಂದಿಲ್ಲ, ಸ್ವಿಚ್ಚು ಇನ್ನೂ ಒಂದೇ ಇದೆ. ಈಗ ಕೌಂಟರಿಗೆ ಒಂದು ಟೇಬಲ್ ಫ್ಯಾನು ಬರುತ್ತದೆ ಎಂದು ಸುದ್ದಿ. ಸೆಕೆಗೆ ಅನ್ನುತ್ತಾರೆ. ನಾನು ನಂಬುವುದಿಲ್ಲ. ಪಕ್ಕದಿಂದ ಬರುವ ಗಾಳಿಯನ್ನು ಛತ್ರಿ ತಡೆಯುವುದಿಲ್ಲ ಎಂದು ಯಾರೋ ಅವರಿಗೆ ಹೇಳಿಕೊಟ್ಟಿದ್ದಾರೆ.

ಅದಕ್ಕೇ ಹೇಳುತ್ತೇನೆ. ಪಾರ್ಸಲ್ಲು ಹಿಡಿದು ಹೋಗುವವರೇ, ಮಳೆ ಇರಲಿ ಬಿಸಿಲಿರಲಿ ಛತ್ರಿ ಒಯ್ಯಿರಿ. ರೊಕ್ಕ ತೆಗೆಯುವ ಮೊದಲು ತಲೆ ಎತ್ತಿ ಮೇಲೆ ನೋಡಿರಿ. ಫ್ಯಾನಿನ ಸ್ವಿಚ್ಚು ಬೇರೆ ಮಾಡಿಕೊಡುವ ತನಕ, ಯಾರು ಎಷ್ಟೇ ಗದರಿಸಿದರೂ, ಛತ್ರಿ ಮುಚ್ಚಬೇಡಿರಿ.