ನಾಲ್ಕು ಜನರ ಮುಂದೆ ಚಿಕ್ಕಪ್ಪ

ಚಳ್ಳಕೆರೆ, ಮೊಳಕಾಲ್ಮೂರು ಎರಡೂ ತಾಲ್ಲೂಕುಗಳಲ್ಲಿ ನಮ್ಮ ಚಿಕ್ಕಪ್ಪನಂಥ ಮಾತುಗಾರ ಇನ್ನೊಬ್ಬನಿರಲಿಲ್ಲ. ಬೇಕಾದರೆ ಪಂಥ ಕಟ್ಟುತ್ತೇನೆ. ಒಂದೇ ಷರತ್ತು, ಕೇಳುವವರು ಮನುಷ್ಯರಾಗಿರಬಾರದು!

ದೇವಸಮುದ್ರದ ಕಡೆಯ ನಮ್ಮೂರ ಗುಡ್ಡದ ಬುಡದಲ್ಲಿ ಕುರಿ ಮೇಯಿಸುತ್ತ ಅವನು ಆಡುತ್ತಿದ್ದ ಮಾತನ್ನು ನಾನು ಕಾರೆಗಿಡದ ಮರೆಯಲ್ಲಿ ನಿಂತು ಕೇಳಿದ್ದೇನೆ. ಮಳೆರಾಯನಿಗೆ ನೋಟೀಸು ಕೊಡುತ್ತಿದ್ದ, ತಹಸೀಲ್ದಾರರನ್ನು ತರಾಟೆಗೆ ತೆಗೆದುಕೊಳ್ಳುತ್ತಿದ್ದ, ನಡುನಡುವೆ ತೆಲುಗಿಗೆ ಇಳಿದು ಟಗರಿಗೆ ಬುದ್ಧಿ ಹೇಳುತ್ತಿದ್ದ. ಮನೆಯಲ್ಲೂ ಒಬ್ಬರೋ ಇಬ್ಬರೋ ಇದ್ದರೆ ತೊಂದರೆಯಿಲ್ಲ. ನಾಲ್ಕನೆಯವರು ಬಂದು ಕೂತರೋ, ಮುಗಿಯಿತು. ಬಾಯಿಗೆ ಬೀಗ ಬೀಳುತ್ತಿತ್ತು.

ಬಸ್ಸಿನ ಕಥೆ ಕೇಳಿ. ಚಳ್ಳಕೆರೆಯಿಂದ ಬರುವಾಗ ನಮ್ಮೂರ ಗೇಟು ಬಂದರೆ ‘ಹೋಲ್ಡಾನ್’ ಎಂದು ಕೂಗಬೇಕಲ್ಲ? ಕೂಗಿದರೆ ಬಸ್ಸಿನಲ್ಲಿದ್ದವರೆಲ್ಲ ತಿರುಗಿ ನೋಡುತ್ತಾರಲ್ಲ! ಅದಕ್ಕೇ ಬೇರೆ ಯಾರಾದರೂ ಕೂಗಲಿ ಎಂದು ಕಾಯುತ್ತಿದ್ದ. ಯಾರೂ ಇಳಿಯದ ದಿನ ಅವನಿಗೂ ಊರು ಬರುತ್ತಿರಲಿಲ್ಲ. ಕಂಡಕ್ಟರನ ಕಿವಿಯಲ್ಲಾದರೂ ಹೇಳಬಾರದೇ ಎಂದರೆ, ಅವನು ಸೀಟಿ ಊದಿದರೂ ಜನ ನೋಡುವುದು ತನ್ನನ್ನೇ ಅಲ್ಲವೇ ಎನ್ನುತ್ತಿದ್ದ. ಹೀಗೇ ಒಮ್ಮೆ ಬಳ್ಳಾರಿಯವರೆಗೂ ಹೋಗಿಬಿಟ್ಟ. ಕತ್ತಲಾದ ಮೇಲೆ ಮನೆ ಸೇರಿ, ಚಿಕ್ಕಮ್ಮ ಬಾಯಿ ತೆರೆಯುವ ಮೊದಲೇ ಒಂದು ಚೀಲ ಇಳಿಸಿ, ಬಳ್ಳಾರಿಯಲ್ಲಿ ಈರುಳ್ಳಿ ಅಗ್ಗ ಅಂದ.

ಇನ್ನೊಮ್ಮೆ, ಶಾಲೆಗೆ ನೀರಿನ ಡ್ರಮ್ಮು ಕೊಡಿಸಿದ್ದಕ್ಕೆ ವಾರ್ಷಿಕೋತ್ಸವದ ದಿನ ಹೆಡ್‌ಮೇಷ್ಟ್ರು ಅವನನ್ನು ವೇದಿಕೆಗೆ ಎಳೆದೊಯ್ದು, ಹಾರ ಹಾಕಿ, ಎರಡು ಮಾತಾಡಿ ಎಂದು ಮೈಕು ಕೊಟ್ಟರು. ಚಿಕ್ಕಪ್ಪ ಜನರನ್ನು ನೋಡಿದ, ಮೈಕನ್ನು ನೋಡಿದ. ಫೂ ಫೂ ಎಂದು ಊದಿದ. “ಮೈಕು ಸರಿಯಾಗೈತೆ” ಎಂದವನೇ ಕೆಳಗಿಳಿದು ನಡೆದ. ಮೇಷ್ಟ್ರು ಕೇಳಿದ್ದೂ ಎರಡೇ ಮಾತು ತಾನೆ!

ಊರೆಲ್ಲ ನಕ್ಕಿತು. ಆದರೆ ನಾವಿಬ್ಬರೇ ಇದ್ದಾಗ ಒಮ್ಮೆ ಅವನು ಹೇಳಿದ್ದು ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿದೆ. “ಮಾತು ಇರ್ತೈತೆ ಕಣಪ್ಪ. ಅಷ್ಟು ಕಣ್ಣು ನೋಡಿದ್ರೆ ಗಂಟಲ್ದಾಗೇ ಕುಂತ್ಕಂತೈತೆ. ನೀವು ಇವ್ನಿಗೆ ಮಾತೇ ಇಲ್ಲ ಅಂದ್ಕಂತೀರಿ.”

ಅವನ ಮಗಳು ನಾಗವೇಣಿ ಥೇಟ್ ಅಪ್ಪನೇ. ಚಳ್ಳಕೆರೆಯಲ್ಲಿ ಟಿ.ಸಿ.ಎಚ್. ಓದುತ್ತಿದ್ದಳು. ಅಪ್ಪ ಮಗಳು ಇಬ್ಬರೇ ಕಡಲೆಕಾಯಿ ಸುಲಿಯಲು ಕೂತರೆ ಸಿಪ್ಪೆಗಿಂತ ಮಾತೇ ಹೆಚ್ಚು. ಕಾಲೇಜಿನಲ್ಲಿ ಬಹುಮಾನ ಬಂದರೂ ಅವಳು ವೇದಿಕೆ ಹತ್ತುತ್ತಿರಲಿಲ್ಲ. ಇಂಥವಳು ಟೀಚರಾಗಿ ಏನು ಮಾಡುತ್ತೀಯೇ ಎಂದು ನಾನು ಛೇಡಿಸಿದರೆ, ಮಕ್ಕಳು ನಿಮ್ಮ ಹಾಗೆ ನೋಡುವುದಿಲ್ಲ ಎನ್ನುತ್ತಿದ್ದಳು.

ಓದು ಮುಗಿಯುವ ಮೊದಲೇ ರಾಯದುರ್ಗದ ಕಡೆಯಿಂದ ಸಂಬಂಧ ಬಂತು. ಒಳ್ಳೆಯ ಜನ. ಎಲೆ ಅಡಿಕೆ ಶಾಸ್ತ್ರಕ್ಕೆ ದಿನವೂ ಗೊತ್ತಾಯಿತು. ಆ ಶಾಸ್ತ್ರದಲ್ಲಿ ಹೆಣ್ಣಿನ ತಂದೆ ಎಲ್ಲರ ಮುಂದೆ ಎದ್ದು ನಿಂತು, ಎಲ್ಲರಿಗೂ ಕೇಳುವಂತೆ, ‘ಹೆಣ್ಣು ಕೊಟ್ಟೆ’ ಎಂದು ಮೂರು ಸಲ ಹೇಳಬೇಕು. ಹುಡುಗನ ತಂದೆ ‘ತಂದುಕೊಂಡೆ’ ಎಂದು ಎಲೆ ಅಡಿಕೆ ಎತ್ತಿಕೊಳ್ಳಬೇಕು. ತಂದೆ ಬದುಕಿರುವಾಗ ಬೇರೆಯವರು ಹೇಳುವಂತಿಲ್ಲ. ನಮ್ಮ ಮನೆಯಲ್ಲಿ ಎಲ್ಲರಿಗೂ ಒಂದೇ ಚಿಂತೆ, ಇವನು ಬಾಯಿ ಬಿಡದೆ ಸಂಬಂಧ ಮುರಿದರೆ? ಚಿಕ್ಕಪ್ಪ ವಾರವಿಡೀ ಗುಡ್ಡದಲ್ಲಿ ಅಭ್ಯಾಸ ಮಾಡಿದ. ಒಂದೊಂದು ಕುರಿಗೂ ಎಷ್ಟು ಸಲ ಹೆಣ್ಣು ಕೊಟ್ಟನೋ, ಆ ದೇವರೇ ಬಲ್ಲ.

ಆ ದಿನ ನಡುಮನೆ ತುಂಬ ಜನ. ಕಂಬಳಿ ಹಾಸಿ, ಎಲೆ ಅಡಿಕೆ ತಟ್ಟೆ ಇಟ್ಟಿದ್ದರು. ಮೊದಲು ನಾಗವೇಣಿಯನ್ನು ಕರೆಸಿ, ಅಷ್ಟು ಗಂಡಸರ ನಡುವೆ ನಿಲ್ಲಿಸಿ, ಒಪ್ಪಿಗೆಯೇನವ್ವ ಎಂದು ಕೇಳಿದರು. ಅವಳು ತಲೆ ತಗ್ಗಿಸಿ ನಿಂತಳು. ನಾಚಿಕೆ, ಹುಡುಗಿ ಒಪ್ಪಿದಳು ಎಂದು ಹಿರಿಯರೊಬ್ಬರು ಸಾರಿದರು. ಎಲ್ಲರೂ ನಕ್ಕರು. ಅವಳು ಒಳಗೆ ಹೋದಳು.

ಚಿಕ್ಕಪ್ಪನ ಸರದಿ. ಎದ್ದು ನಿಂತ. ನಿಂತೇ ಇದ್ದ. ಬೆವರು ಕಿವಿಯ ಹಿಂದಿನಿಂದ ಇಳಿಯುತ್ತಿತ್ತು. ನಮ್ಮಪ್ಪ ಹಿಂದಿನಿಂದ ಪಂಚೆ ಜಗ್ಗಿದರು. ಹುಡುಗನ ತಂದೆ ಪಾಪ, “ಚೆಪ್ಪು ಬಾವಾ, ನಿದಾನಕ್ಕೆ ಹೇಳು” ಎಂದರು. ಬಂದವರು ಮುಖ ಮುಖ ನೋಡಿಕೊಳ್ಳತೊಡಗಿದರು. ನಾನು ಕಣ್ಣು ಮುಚ್ಚಿಕೊಂಡೆ.

“ಹೇಳಲೇ, ಮೂರು ಸಲ, ಅಷ್ಟೇ” ಅಂದರು ನಮ್ಮಪ್ಪ, ಹಲ್ಲು ಕಚ್ಚಿ.

ಆಗ ಚಿಕ್ಕಪ್ಪನ ದನಿ ಕೇಳಿಸಿತು. ಗುಡ್ಡದ ದನಿಯಲ್ಲ, ಒಡೆದ ದನಿ.

“ನನ್ ಮಗಳು ಏನೂ ಹೇಳ್ಲಿಲ್ಲ. ನೀವು ಒಪ್ಕಂಡ್ಳು ಅಂದ್ರಿ. ಅದೂ ನನ್ನಂಗೇ, ನಾಲ್ಕು ಜನದ ಮುಂದೆ ಬಾಯಿ ಬರಾಕಿಲ್ಲ. ನಾನು ಇಷ್ಟು ವರ್ಷ ಸುಮ್ಕಿದ್ನಲ್ಲ, ಎಲ್ಲಾದ್ಕೂ ಒಪ್ಪಿಗೆ ಇತ್ತು ಅಂತಾನಾ?”

ಹುಟ್ಟಿದಂದಿನಿಂದ ಅವನು ಮಂದಿಯ ಮುಂದೆ ಆಡಿದ ಅತಿ ಉದ್ದದ ಮಾತು ಅದು. ಕಂಬಳಿಯ ಮೇಲೆ ಕೂತುಬಿಟ್ಟ. ಅವಳನ್ನು ಒಳಗೆ ಒಬ್ಬಳನ್ನೇ ಕೂರಿಸಿಕೊಂಡು ಕೇಳು ಎಂದು ಚಿಕ್ಕಮ್ಮನಿಗೆ ಕೈಸನ್ನೆ ಮಾಡಿದ. ಅವನನ್ನು ನೋಡಿ ನಕ್ಕವರ ಪೈಕಿ ನಾನೂ ಒಬ್ಬ, ನನಗೆ ಅಳು ಬಂತು.

ಚಿಕ್ಕಮ್ಮ ಎದ್ದು ಒಳಗೆ ಹೋಗಬೇಕು, ಅಷ್ಟರಲ್ಲಿ ನಾಗವೇಣಿಯೇ ಹೊರಗೆ ಬಂದಳು. ಯಾರೂ ಕರೆದಿರಲಿಲ್ಲ. ಅಷ್ಟು ಜನರ ನಡುವೆ ನಡೆದು ಬಂದು ಅಪ್ಪನ ಪಕ್ಕ ಕೂತಳು. ಬೇರೆ ಯಾರನ್ನೂ ನೋಡಲಿಲ್ಲ. ಮನೆಯಲ್ಲಿ ತಾವಿಬ್ಬರೇ ಇದ್ದೇವೆಂಬಂತೆ ಅವನ ಮುಖವನ್ನೇ ನೋಡುತ್ತ ಹೇಳಿದಳು.

“ನಂಗೆ ಈಗ ಬ್ಯಾಡಪ್ಪ. ಓದು ಮುಗೀಲಿ.”

ಎಲ್ಲರಿಗೂ ಕೇಳಿಸಿತು. ಹುಡುಗನ ತಂದೆ ತಟ್ಟೆಗೆ ಚಾಚಿದ್ದ ಕೈಯನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡರು. ಚಿಕ್ಕಪ್ಪ ಮಗಳ ಕೈ ಹಿಡಿದುಕೊಂಡ.