ಎರಡನೇ ಮಹಡಿಯ ಬೆಂಚಿನ ಮೇಲಿನ ಕೊಡೆಯನ್ನು ಕದಿಯುವ ಕುರಿತು

ಅಪರಾಧ ಮತ್ತು ಶಿಕ್ಷಾ ಸಂಶೋಧನಾ ಶಾಖೆ
ಸಂಖ್ಯೆ: ಅಶಿಸಂ/ಕೊಡೆ/17/ಮರುಪ್ರಯೋಗ

ಸುತ್ತೋಲೆ

ವಿಷಯ: ಶಿಕ್ಷೆಯಿಂದ ಕಳ್ಳತನ ಕಡಿಮೆಯಾಗುವುದೇ ಎಂಬುದನ್ನು ಪ್ರಯೋಗದಿಂದ ತಿಳಿಯಲು ಸಾಕಷ್ಟು ಕಳ್ಳತನ ನಡೆಯದಿರುವ ಬಗ್ಗೆ.

ಉಲ್ಲೇಖ: (1) ಬೆಂಚಿನ ಮೇಲೆ ಕೊಡೆ ಇಡುವ ಆದೇಶ. (2) ಅದೇ ಕೊಡೆ ವಾಪಸು ಬಂದಿದ್ದಕ್ಕೆ ಉಗ್ರಾಣ ನೀಡಿದ ಹದಿನೇಳು ರಸೀದಿಗಳು. (3) ಕಸ ಗುಡಿಸುವಾಕೆಯ ಹೇಳಿಕೆ.

ಕಳೆದ ತಿಂಗಳು ಮರದ ಹಿಡಿಯ ಹೊಸ ಕಪ್ಪು ಕೊಡೆಯೊಂದನ್ನು ಹದಿನೇಳು ದಿನ ಬೆಳಿಗ್ಗೆ ಏಳೂವರೆಗೆ ಎರಡನೇ ಮಹಡಿಯ ಬೆಂಚಿನ ಮೇಲೆ, ಯಾರೋ ಮರೆತು ಹೋದಂತೆ ತೋರುವ ಹಾಗೆ, ಇಡಲಾಗುತ್ತಿತ್ತು. ಚೀಟಿ ಎತ್ತಿ ಸಿಬ್ಬಂದಿಯನ್ನು ಮೂರು ಗುಂಪು ಮಾಡಲಾಗಿತ್ತು. ಕದ್ದು ಸಿಕ್ಕಿಬಿದ್ದಲ್ಲಿ ಮೊದಲ ಗುಂಪಿಗೆ ಎಚ್ಚರಿಕೆ, ಎರಡನೆಯದಕ್ಕೆ ವೇತನ ಬಡ್ತಿ ತಡೆ, ಮೂರನೆಯದಕ್ಕೆ ಏನೂ ಇಲ್ಲ. ಗಮನಿಸಲು ಜವಾನರೊಬ್ಬರನ್ನು ಕಡತದ ಬೀರುವಿನ ಹಿಂದೆ ಕೂರಿಸಲಾಗಿತ್ತು.

ಆದರೆ ಎಲ್ಲರೂ ಮಹಡಿಯಕ್ಕ ಎಂದು ಕರೆಯುವ, ಹನ್ನೊಂದು ವರ್ಷದಿಂದ ತಾತ್ಕಾಲಿಕವಾಗಿಯೇ ಇರುವ ಕಸ ಗುಡಿಸುವಾಕೆಯು ಪ್ರತಿದಿನ ಎಂಟು ಗಂಟೆಗೆ ಸದರಿ ಕೊಡೆಯನ್ನು ಎತ್ತಿ, ಧೂಳು ಒರೆಸಿ, ಉಗ್ರಾಣಕ್ಕೆ ಒಪ್ಪಿಸಿ ರಸೀದಿ ಪಡೆದಿರುತ್ತಾರೆ. ಹತ್ತು ಗಂಟೆಗೆ ಬಂದ ಸಿಬ್ಬಂದಿಗೆ ಖಾಲಿ ಬೆಂಚು ಸಿಕ್ಕಿರುತ್ತದೆ. ಮೂರು ಗುಂಪುಗಳ ಕಳ್ಳತನ ಕ್ರಮವಾಗಿ ಸೊನ್ನೆ, ಸೊನ್ನೆ, ಸೊನ್ನೆ. ಇದನ್ನು ಸಿಬ್ಬಂದಿಯ ಪ್ರಾಮಾಣಿಕತೆ ಎಂದು ಯಾರೂ ತಪ್ಪು ತಿಳಿಯತಕ್ಕದ್ದಲ್ಲ.

ವಿವರಣೆ ಕೇಳಲಾಗಿ ಆಕೆ ನುಡಿದದ್ದನ್ನು ಬೆರಳಚ್ಚುಗಾರರು ತಿದ್ದದೆ ದಾಖಲಿಸಿರುತ್ತಾರೆ: "ಯಾರದೋ ಕೊಡೆ, ಪಾಪ ಹುಡುಕ್ತಿರ್ತಾರೆ ಅಂತ ಕೊಟ್ಟೆ. ದಿನಾ ಮರ್ತು ಹೋಗ್ತಾನಲ್ಲ, ಯಾವನಪ್ಪಾ ಈ ಮಂಕ ಅಂತ ಬೈಕೊಂಡೂ ಇದ್ದೆ. ಅದು ನೀವೇನಾ ಸಾರ್?" ಕೊನೆಯ ಪ್ರಶ್ನೆಗೆ ಉತ್ತರಿಸುವ ಅಗತ್ಯ ಶಾಖೆಗೆ ಕಂಡುಬಂದಿರುವುದಿಲ್ಲ.

ಆದ್ದರಿಂದ ಎಲ್ಲ ಸಿಬ್ಬಂದಿಯ ಗಮನಕ್ಕೆ ಈ ಕೆಳಕಂಡಂತೆ ತರಲಾಗಿದೆ:

1. ಪ್ರತಿ ಶಾಖೆಯೂ ತಿಂಗಳಿಗೆ ಕನಿಷ್ಠ ಇಬ್ಬರು ಕಳ್ಳರನ್ನು ಒದಗಿಸತಕ್ಕದ್ದು. ತಾವಾಗಿ ಮುಂದೆ ಬರುವವರಿಲ್ಲದಿದ್ದರೆ ಸೇವಾ ಹಿರಿತನದ ಮೇರೆಗೆ ನೇಮಿಸತಕ್ಕದ್ದು.

2. ರಜೆಯ ಮೇಲೆ ತೆರಳುವವರು ಮುಂಚಿತವಾಗಿ ಕದ್ದು ತೆರಳತಕ್ಕದ್ದು.

3. ಕದಿಯುವಾಗ ಆಚೀಚೆ ನೋಡುವುದು ಕಡ್ಡಾಯ. ಬೀರುವಿನ ಹಿಂದಿರುವ ಜವಾನರಿಗೆ ನಮಸ್ಕಾರ ಹೇಳುವುದನ್ನು ಕೂಡಲೇ ನಿಲ್ಲಿಸಬೇಕು. ಅವರು ಅಲ್ಲಿಲ್ಲವೆಂದೇ ಭಾವಿಸಬೇಕು, ಗೊರಕೆ ಕೇಳಿಸಿದರೂ.

4. ಕೊಡೆ ಒಂದೇ ಇರುವುದರಿಂದ, ಕದ್ದವರು ಸಂಜೆ ಐದರೊಳಗೆ ಮುಂದಿನ ಕಳ್ಳರಿಗೆ ಹಸ್ತಾಂತರಿಸಿ ಸಹಿ ಪಡೆಯತಕ್ಕದ್ದು.

5. ಪಶ್ಚಾತ್ತಾಪವನ್ನು ಊಟದ ವಿರಾಮದ ನಂತರವೇ ಪಡತಕ್ಕದ್ದು. ಮೂರನೇ ಗುಂಪಿನವರಿಗೆ ಪಶ್ಚಾತ್ತಾಪಕ್ಕೆ ಅನುಮತಿ ಇರುವುದಿಲ್ಲ. ಹೋಲಿಕೆ ಕೆಡುತ್ತದೆ.

6. ತಪ್ಪೇ ಮಾಡದವರನ್ನು ಶಿಕ್ಷಿಸಿದರೆ ಏನಾಗುತ್ತದೆ ಎಂಬುದನ್ನೂ ನೋಡಬೇಕಿದೆ. ಇದಕ್ಕೆ ನಿರಪರಾಧಿ ಎನ್ನಲು ಲಿಖಿತ ಪುರಾವೆಯುಳ್ಳ ಒಬ್ಬರು ಬೇಕು. ಇಡೀ ಕಚೇರಿಯಲ್ಲಿ ಅಂಥವರು ಮಹಡಿಯಕ್ಕ ಒಬ್ಬರೇ, ರಸೀದಿಗಳು ಹದಿನೇಳು. ಆದಕಾರಣ ಈ ತಿಂಗಳ ಖಾಯಮಾತಿ ಪಟ್ಟಿಯಿಂದ ಅವರ ಹೆಸರನ್ನು ತೆಗೆಯಲಾಗಿತ್ತು. ಮುಂದಿನ ಪಟ್ಟಿ ನಾಲ್ಕು ವರ್ಷದ ನಂತರ.

7. ಇದನ್ನು ಕೇಳಿ ಸದರಿಯವರು ಪೊರಕೆ ಸಮೇತ ಮುಖ್ಯಸ್ಥರ ಬಾಗಿಲಿಗೆ ಬಂದು, "ಕದ್ದೋರಿಗೆ ಬರೀ ಎಚ್ಚರಿಕೆ, ತಂದು ಕೊಟ್ಟೋಳಿಗೆ ಖಾಯಂ ಕೆಲ್ಸಾನೇ ಇಲ್ವಾ ಸಾರ್? ಹಂಗಾದ್ರೆ ನಾನೂ ಕದೀತೀನಿ, ಮೊದಲನೇ ಗುಂಪಿಗೆ ಹಾಕ್ಕೊಳ್ಳಿ" ಎಂದು ಕೋರಿದರು. ಕೋರಿಕೆಯನ್ನು ಮಾನ್ಯ ಮಾಡಿ, ಕದ್ದ ಮೇಲೆ ಹೆಸರನ್ನು ಪಟ್ಟಿಗೆ ಮರಳಿ ಸೇರಿಸುವುದಾಗಿ ತಿಳಿಸಲಾಯಿತು. ಈ ತಿಂಗಳ ನಾಲ್ಕರಂದು ಎಂಟು ಗಂಟೆಗೆ, ಮುಖ್ಯಸ್ಥರು ಮತ್ತು ಉಗ್ರಾಣಿಕರ ಎದುರು ಆಕೆ ಕೊಡೆ ಎತ್ತಿಕೊಂಡರು. ಆಚೀಚೆ ನೋಡದೆ ಎತ್ತಿದ್ದರಿಂದ, ಹೇಳಿಕೊಟ್ಟು ಇನ್ನೊಮ್ಮೆ ಎತ್ತಿಸಲಾಯಿತು. ನಂತರ ಎಚ್ಚರಿಕೆ ನೀಡಲಾಯಿತು.

8. ಆದರೆ ಕಳ್ಳತನಕ್ಕಾಗಿ ಎಚ್ಚರಿಕೆ ಪಡೆದವರು ಖಾಯಮಾತಿಗೆ ಅರ್ಹರಲ್ಲ ಎಂಬ ನಿಯಮವಿರುವುದು ಮಧ್ಯಾಹ್ನ ಗಮನಕ್ಕೆ ಬಂದಿರುತ್ತದೆ. ತಿಳಿಸಿದಾಗ ಆಕೆ, "ಸರಿ ಬಿಡಿ ಸಾರ್. ಹನ್ನೊಂದು ವರ್ಷಕ್ಕೆ ಕೊಡೆನಾದ್ರೂ ಸಿಕ್ತು" ಎಂದು, ಪೊರಕೆಯನ್ನು ಮುಖ್ಯಸ್ಥರ ಮೇಜಿಗೆ ಒರಗಿಸಿ, ಕೊಡೆ ಬಿಚ್ಚಿಕೊಂಡು ಮಳೆಯಲ್ಲಿ ಹೊರಟುಹೋದರು. ಸಂಜೆ ಐದಕ್ಕೆ ಕೊಡೆ ಬಂದಿರುವುದಿಲ್ಲ. ಮರುದಿನವೂ ಬಂದಿರುವುದಿಲ್ಲ. ಇದು ಪ್ರಯೋಗದ ಮೊದಲ ನಿಜವಾದ ಕಳ್ಳತನವೆಂದು ದಾಖಲಿಸಲು ಶಾಖೆಗೆ ಸಂತೋಷವಾಗುತ್ತದೆ.

9. ಅಲ್ಲಿಂದೀಚೆಗೆ ಬೆಂಚಿನ ಮೇಲಿಂದ ಒಂದೂ ಕೊಡೆ ಕಳುವಾಗಿಲ್ಲ. ಶಿಕ್ಷೆಯಿಂದ ಕಳ್ಳತನ ನಿಲ್ಲುತ್ತದೆ ಎಂಬುದು ಇದರಿಂದ ಸಾಬೀತಾಗಿದೆ. ಹೊಸ ಕೊಡೆ ಬರುವವರೆಗೆ 1ರಿಂದ 5ರವರೆಗಿನ ನಿಯಮಗಳನ್ನು ಕೊಡೆ ಇದೆಯೆಂದು ಭಾವಿಸಿ ಪಾಲಿಸತಕ್ಕದ್ದು.

10. ಎರಡನೇ ಮಹಡಿಯ ಧೂಳಿನ ಮೇಲಿನ ಹೆಜ್ಜೆಗುರುತುಗಳು ಸಾಕ್ಷ್ಯವಾದ್ದರಿಂದ ಯಾರೂ ಗುಡಿಸತಕ್ಕದ್ದಲ್ಲ. ಹೇಗೂ ಯಾರೂ ಗುಡಿಸುತ್ತಿಲ್ಲ.

ಸಹಿ/-
ಮುಖ್ಯಸ್ಥರು
(ಈ ಫಲಿತಾಂಶದ ಆಧಾರದ ಮೇಲೆ ಬಡ್ತಿಯ ನಿರೀಕ್ಷೆಯಲ್ಲಿ)

ಪ್ರತಿಗಳು:
ಎಲ್ಲ ಶಾಖೆಗಳಿಗೆ, ಕಳ್ಳರ ಪಟ್ಟಿ ಸಲ್ಲಿಸಲು.
ಉಗ್ರಾಣಿಕರಿಗೆ, ಹದಿನೇಳು ರಸೀದಿಗಳನ್ನು ರದ್ದುಪಡಿಸಲು.
ಬೀರುವಿನ ಹಿಂದಿರುವ ಜವಾನರಿಗೆ, ಎಬ್ಬಿಸಿ ಕೊಡಲು.
ಮಹಡಿಯಕ್ಕ ಅವರಿಗೆ. ಹನ್ನೊಂದು ವರ್ಷದಲ್ಲಿ ಯಾರೂ ಅವರ ವಿಳಾಸ ಬರೆದುಕೊಂಡಿಲ್ಲವಾದ್ದರಿಂದ ಈ ಪ್ರತಿಯನ್ನು ಎರಡನೇ ಮಹಡಿಯ ಬೆಂಚಿನ ಮೇಲೆ ಇಡಲಾಗಿದೆ. ಕಂಡವರು ಎತ್ತಿ ತಲುಪಿಸಬೇಕು. ಹಾಗೆ ತಲುಪಿಸುವವರು ಕಚೇರಿಯಲ್ಲಿ ಸದ್ಯಕ್ಕೆ ಯಾರೂ ಇರುವುದಿಲ್ಲ.