ಭಾವನ ಮರಳಿನ ಮೂಟೆ, ಅಕ್ಕನ ಗಿಟಾರು

ಜಿಮ್ಮಿಗೆ ಹೋಗುವವರೆಲ್ಲ ದಿನ ಕಳೆದಂತೆ ಹೆಚ್ಚು ಹೆಚ್ಚು ಭಾರ ಎತ್ತುತ್ತಾರೆ. ಕಡಿಮೆ ಮಾಡುತ್ತಾ ಹೋದ ಮಹಾಪುರುಷರು ಇಡೀ ಮಸ್ಕತ್ತಿನಲ್ಲಿ ಒಬ್ಬರೇ, ಅವರು ನನ್ನ ಭಾವ! ಹೀಗೆಂದರೆ ನಿಮಗೆ ನಗು ಬರುತ್ತದೆ. ಬರಲಿ, ನಾನೂ ನಕ್ಕವನೇ.

ಭಾವ ಎಂದರೆ ನನ್ನ ಅಕ್ಕನ ಗಂಡ. ಉಡುಪಿ ಕಡೆಯವರು, ವಾದಿ ಕಬೀರ್‌ನ ಒಂದು ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಅಕೌಂಟೆಂಟ್. ಐವತ್ತು ದಾಟುವವರೆಗೆ ಅವರು ಎತ್ತಿದ ಅತಿ ದೊಡ್ಡ ಭಾರ ಊಟದ ಡಬ್ಬಿ. ಬಾರಿಸಿದ ಏಕೈಕ ವಾದ್ಯ ಕಾರಿನ ಹಾರ್ನು. ಅಂಥವರು ಒಂದೇ ವರ್ಷದಲ್ಲಿ ಜಿಮ್ಮನ್ನೂ ಸೇರಿ, ಗಿಟಾರನ್ನೂ ಹಿಡಿದರೆ ಪರಿಚಯದವರು ಸುಮ್ಮನಿರುತ್ತಾರೆಯೇ? "ಮೊಮ್ಮಕ್ಕಳನ್ನು ಆಡಿಸುವ ಪ್ರಾಯದಲ್ಲಿ ಇವರಿಗೆಂತ ಹೀರೋ ಆಗುವ ಮರ್ಲು?" ಎಂದು ಎಲ್ಲರೂ ಆಡಿಕೊಂಡರು.

ಮರ್ಲೂ ಅಲ್ಲ, ಹುಚ್ಚೂ ಅಲ್ಲ. ಅಕ್ಕನಿಗೆ ಸ್ನಾಯುಗಳು ಸೊರಗುತ್ತಾ ಹೋಗುವ ಕಾಯಿಲೆ ಬಂದಿತ್ತು. ಮೊದಲು ಕಾಲು ಸೋತಿತು, ಆಮೇಲೆ ಕೈ. ಕಾಲೇಜಿನ ದಿನಗಳಿಂದ ಗಿಟಾರ್ ನುಡಿಸುತ್ತಿದ್ದವಳಿಗೆ ತಂತಿ ಒತ್ತುವಷ್ಟೂ ಬಲ ಉಳಿಯಲಿಲ್ಲ. ದಾರ್ಸೈಟಿನಲ್ಲಿ ಅವರ ಮನೆ ಇದ್ದದ್ದು ಮೂರನೇ ಮಹಡಿಯಲ್ಲಿ. ಕಟ್ಟಡಕ್ಕೆ ಲಿಫ್ಟ್ ಇತ್ತು. ಇತ್ತು, ಅಷ್ಟೇ! ಯಾವಾಗ ಸರಿಯಾಗುತ್ತದೆ ಎಂದು ಕೇಳಿದರೆ ವಾಚ್‌ಮ್ಯಾನ್ "ಬುಕ್ರಾ ಸಾಬ್" ಎನ್ನುತ್ತಿದ್ದ. ಬುಕ್ರಾ ಎಂದರೆ ನಾಳೆ. ನಮ್ಮೂರಿನ ಕಚೇರಿಗಳ 'ನಾಳೆ ಬನ್ನಿ'ಗೆ ಇದು ಖಾಸಾ ಅಣ್ಣ. ಹಾಗಾಗಿ ಅಕ್ಕನನ್ನು ಎತ್ತಿಕೊಂಡು ಮೆಟ್ಟಿಲು ಇಳಿಯಲು ಭಾವನಿಗೆ ಗಟ್ಟಿ ತೋಳು ಬೇಕಿತ್ತು. ಅವಳ ಗಿಟಾರು ಮೂಲೆ ಸೇರದಿರಲು ಮೆತ್ತಗಿನ ಬೆರಳೂ ಬೇಕಿತ್ತು.

ಜಿಮ್ಮಿನಲ್ಲಿ ಹುಡುಗರೆಲ್ಲ ಕನ್ನಡಿಯ ಮುಂದೆ ತೋಳು ಉಬ್ಬಿಸುತ್ತಿದ್ದರೆ ಭಾವ ಒಂದು ಅಕ್ಕಿ ಚೀಲಕ್ಕೆ ಮರಳು ತುಂಬಿಸಿ ತಂದರು. ಒಮಾನಿನಲ್ಲಿ ಮರಳಿಗೆ ಬರವೇ! ಆ ಮೂಟೆಯನ್ನು ಎರಡೂ ತೋಳುಗಳ ಮೇಲೆ ಮಗುವಿನಂತೆ ಅಡ್ಡ ಮಲಗಿಸಿಕೊಂಡು ಅಲ್ಲಿದ್ದ ಮೆಟ್ಟಿಲುಗಳನ್ನು ಹತ್ತಿ ಇಳಿಯುವುದು, ಇದೇ ಅವರ ವ್ಯಾಯಾಮ. ಪ್ರತಿ ತಿರುವಿನಲ್ಲೂ ಮೈಯನ್ನು ಅಡ್ಡಕ್ಕೆ ತಿರುಗಿಸುತ್ತಿದ್ದರು.

"ಅಂಕಲ್, ಯೇ ಎಕ್ಸರ್‌ಸೈಜ್ ನಹೀ, ಗೋದಾಮ್ ಕಾ ಕಾಮ್ ಹೈ!" ಎಂದ ಮಲಯಾಳಿ ಟ್ರೇನರ್.

ಒಮ್ಮೆ ಜೊತೆಗೆ ಹೋಗಿದ್ದ ನಾನೂ ಕೇಳಿದೆ, "ಆ ಡ್ಯಾನ್ಸ್ ಯಾಕೆ ಭಾವ?"

"ತಿರುವಿನಲ್ಲಿ ಅಡ್ಡ ತಿರುಗದಿದ್ರೆ ಇವಳ ಕಾಲು ಗೋಡೆಗೆ ತಾಗ್ತದೆ ಮಾರಾಯ," ಎಂದರು.

ಕಷ್ಟ ಇದ್ದದ್ದು ಬೇರೆ ಕಡೆ. ಭಾರ ಎತ್ತಿದ ಕೈ ಮರಗಟ್ಟುತ್ತದೆ, ಮರಗಟ್ಟಿದ ಬೆರಳು ತಂತಿಯ ಮೇಲೆ ನಿಲ್ಲುವುದಿಲ್ಲ. ಕೈಗೆ ವಿಶ್ರಾಂತಿ ಕೊಟ್ಟರೆ ತೋಳಿನ ಬಲ ಇಳಿಯುತ್ತದೆ. ಎರಡು ದೋಣಿಯಲ್ಲಿ ಕಾಲಿಟ್ಟವರನ್ನು ಕೇಳಿದ್ದೇನೆ. ಎರಡು ದೋಣಿಯಲ್ಲಿ ಕೈಯಿಟ್ಟವರು ಇವರೊಬ್ಬರೇ! ತಂತಿ ಒತ್ತುವ ಎಡಗೈಯನ್ನು ಹೊಸ ಅಳಿಯನ ಹಾಗೆ ನೋಡಿಕೊಂಡರು. ಈರುಳ್ಳಿಯ ಚೀಲ ಬಲಗೈಗೆ, ಗ್ಯಾಸ್ ಸಿಲಿಂಡರ್ ಬಲಗೈಗೆ. ಎಡಗೈಗೆ ಎಣ್ಣೆ ಮಾಲೀಸು.

ರಜೆಯ ದಿನವಾದ ಶುಕ್ರವಾರ ನಾನು ಅಲ್ ಹೈಲ್‌ನ ನನ್ನ ಮನೆಯಿಂದ ಅವರ ಮನೆಗೆ ಹೋಗುವಾಗ ಗಿಟಾರಿನ ಪಾಠ ನಡೆಯುತ್ತಿರುತ್ತಿತ್ತು. ಅಮ್ಮ ನಮ್ಮನ್ನು ಮಲಗಿಸುವಾಗ ಗುನುಗುತ್ತಿದ್ದ ಒಂದು ರಾಗ. ಅದನ್ನೊಮ್ಮೆ ತಪ್ಪಿಲ್ಲದೆ ಕೇಳಬೇಕೆಂಬುದೇ ಅಕ್ಕನ ಆಸೆ. ಅವಳು ಮಲಗಿದಲ್ಲಿಂದಲೇ ಹೇಳುವಳು, ಭಾವ ಬೆವರುವರು.

"ಎಂತ ಇದು, ಬಡಗಿ ಮೊಳೆ ಹೊಡೆದ ಹಾಗೆ! ನೀವು ಆ ಜಿಮ್ ಬಿಟ್ಟುಬಿಡಿ. ನನ್ನನ್ನು ಎತ್ಲಿಕ್ಕೆ ವಾಚ್‌ಮ್ಯಾನ್ ಇದ್ದಾನೆ."

"ಹಾಗಾದ್ರೆ ಗಿಟಾರ್ ಬಾರಿಸ್ಲಿಕ್ಕೂ ಅವನನ್ನೇ ಕರಿತೇನೆ. ಬುಕ್ರಾ ಬರ್ತಾನೆ!"

ಅಕ್ಕ ನಕ್ಕಳು. ನಕ್ಕು ನಕ್ಕು ಉಸಿರು ಸಿಕ್ಕಿಕೊಂಡಿತು. ನಾವಿಬ್ಬರೂ ಗಾಬರಿಯಾಗಿ ಅವಳ ಬೆನ್ನು ನೀವುತ್ತಾ ಕುಳಿತೆವು. ಅಂದಿನಿಂದ ಅವಳನ್ನು ನಗಿಸಲೂ ನಮಗೆ ಹೆದರಿಕೆ.

ಆಮೇಲೆ ಭಾವ ಮೂಟೆಯಿಂದ ಮರಳು ತೆಗೆಯತೊಡಗಿದರು. ಒಂದೊಂದು ಹಿಡಿ, ಒಂದೊಂದು ಬೊಗಸೆ. ಟ್ರೇನರ್‌ಗೆ ಆಶ್ಚರ್ಯ. ಎಲ್ಲರೂ ಏರಿಸುವಾಗ ಅಂಕಲ್ ಇಳಿಸುವುದೇಕೆ? "ನನಗೆ ಬೇಕಾದದ್ದು ಈಗ ಇಷ್ಟೇ," ಎಂದರಂತೆ ಭಾವ. ಅಕ್ಕ ಅಷ್ಟು ಹಗುರಾಗುತ್ತಿದ್ದಳು. ಜಿಮ್ಮಿನಲ್ಲಿ ಭಾರ ಕಡಿಮೆಯಾದರೆ ಅಳಬೇಕಾದ ಮನುಷ್ಯನನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ.

ಒಂದು ಸಂಜೆ ಮತ್ರಾದ ಸಮುದ್ರದ ದಂಡೆಯಲ್ಲಿ ಕಾರು ನಿಲ್ಲಿಸಿ, ಅಕ್ಕನನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಭಾವ ಆ ರಾಗವನ್ನು ಮೊದಲಿನಿಂದ ಕೊನೆಯವರೆಗೆ ನುಡಿಸಿದರು. ಎರಡು ಕಡೆ ತಪ್ಪಿದ್ದು ನನ್ನಂಥ ದಡ್ಡ ಕಿವಿಗೂ ಗೊತ್ತಾಯಿತು. ಅಕ್ಕ ಕಣ್ಣು ಮುಚ್ಚಿಯೇ ಹೇಳಿದಳು, "ಇವತ್ತು ಒಂದೂ ತಪ್ಪಿಲ್ಲ."

ಅದಾಗಿ ಹೆಚ್ಚು ದಿನ ಅವಳು ಇರಲಿಲ್ಲ.

ಕಳೆದ ತಿಂಗಳು ಭಾವ ಮನೆ ಖಾಲಿ ಮಾಡಿದರು. ವಾದಿ ಕಬೀರ್‌ನಲ್ಲಿ ಒಂದು ಸಣ್ಣ ರೂಮು ಸಿಕ್ಕಿತ್ತು. ಸಾಮಾನು ಸಾಗಿಸಲು ನಾನು ಕಾರು ತಂದಿದ್ದೆ. ನೋಡಿದರೆ ಲಿಫ್ಟ್ ಸರಿಯಾಗಿದೆ! ಬುಕ್ರಾ ಕೊನೆಗೂ ಬಂದಿತ್ತು. ಹಾಳಾದ್ದು, ಈಗ ಬಂದಿತ್ತು. ನನಗೆ ಆ ಲಿಫ್ಟನ್ನು ಒದೆಯುವಷ್ಟು ಸಿಟ್ಟು ಬಂತು. ವಾಚ್‌ಮ್ಯಾನ್ ಅದರ ಬಾಗಿಲು ಹಿಡಿದು ನಿಂತು "ಆಯಿಯೇ ಸಾಬ್" ಎಂದ. ಪೆಟ್ಟಿಗೆಗಳೆಲ್ಲ ಅದರಲ್ಲೇ ಇಳಿದವು.

ಕೊನೆಗೆ ಉಳಿದದ್ದು ಗಿಟಾರು. ಅದನ್ನು ಒಂದು ಕೈಯಲ್ಲಿ ಹಿಡಿದರೆ ಸಾಕು, ಹೆಗಲಿಗೆ ಹಾಕಲು ಪಟ್ಟಿಯೂ ಇದೆ. ಭಾವ ಅದನ್ನು ಎರಡೂ ತೋಳುಗಳ ಮೇಲೆ ಮಲಗಿಸಿಕೊಂಡರು. ಲಿಫ್ಟಿನ ಕಡೆ ನೋಡಲೂ ಇಲ್ಲ, ನೇರ ಮೆಟ್ಟಿಲಿಗೆ ನಡೆದರು.

"ಭಾವ, ಲಿಫ್ಟ್ ಉಂಟಲ್ಲ?"

"ನೀನು ಅದರಲ್ಲಿ ಬಾ. ನಾವು ಹೀಗೇ ಬರ್ತೇವೆ," ಎಂದರು.

ನಾನು ಅವರ ಹಿಂದೆಯೇ ಇಳಿದೆ. ಕಣ್ಣು ತುಂಬಿ ಮೆಟ್ಟಿಲು ಸರಿಯಾಗಿ ಕಾಣುತ್ತಿರಲಿಲ್ಲ. ಮೊದಲ ತಿರುವಿನಲ್ಲಿ ಭಾವ ನಿಂತರು, ಗೋಡೆಯನ್ನೊಮ್ಮೆ ನೋಡಿದರು, ಆಮೇಲೆ ಮೆಲ್ಲನೆ ಮೈಯನ್ನು ಅಡ್ಡಕ್ಕೆ ತಿರುಗಿಸಿ ಇಳಿದರು.